ಅಧಿಕಾರ ಹೋದ ಮೇಲೆ: ಒಂದು ಕ್ಷೇತ್ರದಲ್ಲಿ ಪಕ್ಷವನ್ನು ಮತ್ತೆ ಕಟ್ಟಿದ ಎರಡೂವರೆ ವರ್ಷ

ಮತ ಎಣಿಕೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಕ್ಷೇತ್ರ ಕಚೇರಿಯಲ್ಲಿ ಉಳಿದಿದ್ದವರು ನಾಲ್ಕು ಜನ. ಬೆಳಗ್ಗೆ ಎಂಟಕ್ಕೆ ಅದೇ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಹತ್ತನೇ ಸುತ್ತು ಮುಗಿಯುವ ಹೊತ್ತಿಗೆ ಫೋನ್ ಬಂತೆಂದು ಒಬ್ಬೊಬ್ಬರೇ ಹೊರಗೆ ಹೋದರು, ಮರಳಿ ಬರಲಿಲ್ಲ. ತಂದಿಟ್ಟಿದ್ದ ಎಂಟು ಕೆ.ಜಿ. ಮೈಸೂರು ಪಾಕಿನ ಡಬ್ಬಗಳು ಮೇಜಿನ ಕೆಳಗೆ ಹಾಗೆಯೇ ಇದ್ದವು. ಪಟಾಕಿಯ ಸರವನ್ನು ಮಾತ್ರ ಯಾರೋ ಜಾಣರು ಎತ್ತಿಕೊಂಡು ಹೋಗಿದ್ದರು. ಸಂಜೆಯ ಹೊತ್ತಿಗೆ ಕ್ಷೇತ್ರವೂ ಹೋಗಿತ್ತು, ರಾಜ್ಯದಲ್ಲಿ ಅಧಿಕಾರವೂ ಹೋಗಿತ್ತು.

ಯಾವ ಪಕ್ಷ, ಯಾವ ಕ್ಷೇತ್ರ ಎಂದು ಬರೆಯುವುದಿಲ್ಲ. ಬರೆದರೆ ಅರ್ಧ ಓದುಗರು ಖುಷಿಪಡಲು ಓದುತ್ತಾರೆ, ಉಳಿದರ್ಧ ಜಗಳಕ್ಕೆ ಬರುತ್ತಾರೆ. ಹೆಸರಿನ ಅಗತ್ಯವೂ ಇಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಗೆದ್ದ ಮೇಲೆ ಈ ರಾಜ್ಯದ ಮತದಾರರು ಆಳುತ್ತಿದ್ದ ಯಾವ ಪಕ್ಷಕ್ಕೂ ಮತ್ತೆ ಬಹುಮತ ಕೊಟ್ಟಿಲ್ಲ. 1989ರಲ್ಲಿ 224 ಸ್ಥಾನಗಳ ಪೈಕಿ 178 ಗೆದ್ದ ಕಾಂಗ್ರೆಸ್ 1994ರಲ್ಲಿ 34ಕ್ಕೆ ಕುಸಿದು 1999ರಲ್ಲಿ 132ಕ್ಕೆ ಏರಿತು. 1994ರಲ್ಲಿ 115 ಗೆದ್ದಿದ್ದ ಜನತಾದಳ ಐದೇ ವರ್ಷದಲ್ಲಿ ಎರಡು ಹೋಳಾಗಿ, ಎರಡೂ ಹೋಳು ಸೇರಿಸಿದರೂ 28 ದಾಟಲಿಲ್ಲ. 2008ರಲ್ಲಿ 110 ಇದ್ದ ಬಿಜೆಪಿ 2013ರಲ್ಲಿ 40ಕ್ಕೆ ಬಂದು ನಿಂತಿತು. ಹೀಗಾಗಿ ನಾನು ಬರೆಯುತ್ತಿರುವ ಖಾಲಿ ಹಾಲನ್ನು ಎಲ್ಲ ಪಕ್ಷದವರೂ ಒಂದಲ್ಲ ಒಂದು ಮಧ್ಯಾಹ್ನ ನೋಡಿರುತ್ತಾರೆ, ನೋಡದವರು ಮುಂದೆ ನೋಡುತ್ತಾರೆ. ಆ ಮಧ್ಯಾಹ್ನದ ಮರುದಿನದಿಂದ ಏನೇನು ಮಾಡಬೇಕಾಗುತ್ತದೆ, ಎಲ್ಲೆಲ್ಲಿ ಕಾಯಬೇಕಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ನಾನು ಮಾಗಡಿ ರಸ್ತೆಯ ಪಕ್ಕದ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಮುದ್ರಣಾಲಯ ಇಟ್ಟುಕೊಂಡಿದ್ದೇನೆ. ಪಕ್ಷದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇದ್ದೇನೆ. ಸೋತ ದಿನ ನಾನು ಕ್ಷೇತ್ರ ಸಮಿತಿಯ ಇಬ್ಬರು ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬ. ಇನ್ನೊಬ್ಬರು ನಾಲ್ಕನೇ ದಿನಕ್ಕೆ ಗೆದ್ದವರ ಮನೆಯ ಮುಂದೆ ಹಾರ ಹಿಡಿದು ನಿಂತಿದ್ದರು.

ಸೋತ ಮರುದಿನ ಅಳುವುದಕ್ಕೂ ಬೈಯುವುದಕ್ಕೂ ಬೇಕಾದಷ್ಟು ಜನ ಸಿಗುತ್ತಾರೆ, ಲೆಕ್ಕ ಬರೆಯುವುದಕ್ಕೆ ಮಾತ್ರ ಒಬ್ಬರೂ ಸಿಗುವುದಿಲ್ಲ. ಅಭ್ಯರ್ಥಿ ಗೆದ್ದಿರಲಿ ಸೋತಿರಲಿ, ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಚುನಾವಣಾ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಲೇಬೇಕು. ನಮ್ಮಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಲೆಕ್ಕ ಕೊಡದೆ ಕುಳಿತರೆ ಚುನಾವಣಾ ಆಯೋಗ ಮೂರು ವರ್ಷದ ಮಟ್ಟಿಗೆ ಅಭ್ಯರ್ಥಿಯನ್ನು ಅನರ್ಹಗೊಳಿಸಬಹುದು. ಇದು ಗೊತ್ತಿದ್ದೂ ನಮ್ಮವರಾರೂ ಶಾಮಿಯಾನದವರ ಬಳಿಗಾಗಲಿ, ಪ್ರಚಾರದ ಆಟೊದವರ ಬಳಿಗಾಗಲಿ ಹೋಗಲು ಸಿದ್ಧರಿರಲಿಲ್ಲ, ಏಕೆಂದರೆ ಬಿಲ್ಲು ಕೇಳಲು ಹೋದವರನ್ನು ಅವರು ಬಾಕಿ ಕೇಳುತ್ತಿದ್ದರು. ಕೊನೆಗೆ ನಾನು ಮತ್ತು ನನ್ನ ಮುದ್ರಣಾಲಯದ ಹುಡುಗ ಹನ್ನೊಂದು ದಿನ ಅಲೆದು ಕಾಗದ ಕೂಡಿಸಿ, 28ನೇ ದಿನ ಸಲ್ಲಿಸಿದೆವು. ಆ ಕಟ್ಟಿನಲ್ಲಿ ನನ್ನದೇ ಕರಪತ್ರಗಳ 1,86,000 ರೂಪಾಯಿಯ ಬಿಲ್ಲೂ ಇತ್ತು. ಅದರಲ್ಲಿ ಅರ್ಧ ಇವತ್ತಿಗೂ ಬಂದಿಲ್ಲ. ಇನ್ನೊಂದು ಗಡುವೂ ಇದೆ: ಫಲಿತಾಂಶವನ್ನು ಪ್ರಶ್ನಿಸುವ ಚುನಾವಣಾ ತಕರಾರು ಅರ್ಜಿಯನ್ನು ಹೈಕೋರ್ಟಿಗೆ 45 ದಿನಗಳೊಳಗೆ ಸಲ್ಲಿಸಬೇಕು. ನಮ್ಮಲ್ಲಿ ಮತಯಂತ್ರದ ಮೇಲೆ ಭಾಷಣ ಮಾಡಿದವರು ಹತ್ತಾರು ಜನ, ಆ 45 ದಿನಗಳಲ್ಲಿ ವಕೀಲರ ಬಳಿಗೆ ಹೋದವರು ಯಾರೂ ಇಲ್ಲ. ಹೋಗಿದ್ದರೂ ಕೊಡಲು ಸಾಕ್ಷ್ಯವೇನೂ ಇರಲಿಲ್ಲ.

ನಾವು ಯಾಕೆ ಸೋತೆವು ಎಂಬುದು ನನಗೆ ತಿಳಿದದ್ದು ಆತ್ಮಾವಲೋಕನ ಸಭೆಯಲ್ಲಿ ಅಲ್ಲ, ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಮತದಾನ ಮುಗಿದ ಸಂಜೆ ಪ್ರತಿ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅಲ್ಲಿ ಹಾಜರಿರುವ ಏಜೆಂಟರಿಗೆ ನಮೂನೆ 17ಸಿ ಎಂಬ ಹಾಳೆಯ ಪ್ರತಿಯನ್ನು ಕೊಡುತ್ತಾರೆ. ಆ ಯಂತ್ರದಲ್ಲಿ ಎಷ್ಟು ಮತ ದಾಖಲಾಯಿತು ಎಂಬುದರ ಲೆಕ್ಕ ಅದು. ನಮ್ಮ ಕ್ಷೇತ್ರದಲ್ಲಿ 238 ಬೂತ್‌ಗಳಿದ್ದವು. ಚೀಲದಲ್ಲಿ 131 ಹಾಳೆಗಳಿದ್ದವು. ಅಂದರೆ ಉಳಿದ 107 ಬೂತ್‌ಗಳಲ್ಲಿ ಸಂಜೆ ಆರರ ಹೊತ್ತಿಗೆ ನಮ್ಮವರು ಇರಲಿಲ್ಲ, ಇಲ್ಲವೇ ಇದ್ದೂ ಹಾಳೆಯನ್ನು ಕೇಳಿ ಪಡೆಯಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಕಾಗದದ ಮೇಲೆ ನಮಗೆ 238 ಬೂತ್ ಸಮಿತಿಗಳೂ ಬೂತಿಗೆ ಹತ್ತರಂತೆ 2,380 ಸದಸ್ಯರೂ ಇದ್ದರು.

ಆತ್ಮಾವಲೋಕನ ಸಭೆ ನಡೆದದ್ದು ಐದನೇ ವಾರದಲ್ಲಿ, ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಸೋತ ಅಭ್ಯರ್ಥಿ ನಮ್ಮವರೇ ಮುಳುಗಿಸಿದರೆಂದರು. ಟಿಕೆಟ್ ಸಿಗದವರು ಅಭ್ಯರ್ಥಿಯ ದುರಹಂಕಾರವೆಂದರು. ರಾಜ್ಯದಿಂದ ಬಂದ ವೀಕ್ಷಕರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಂತೆ ಕಂಡಿತು, ಆದರೆ ನಾನು ಕುಳಿತ ಜಾಗದಿಂದ ಅವರ ಡೈರಿಯಲ್ಲಿ ಎರಡೇ ಸಾಲು ಕಾಣುತ್ತಿದ್ದವು. ನಾಲ್ಕು ಗಂಟೆಯ ಸಭೆಯಲ್ಲಿ ಯಾವ ಬೂತಿನಲ್ಲಿ ಎಷ್ಟು ಬಂತು ಎಂದು ಒಬ್ಬರೂ ಕೇಳಲಿಲ್ಲ. ಬೂತುವಾರು ಮತಗಳನ್ನು ತೋರಿಸುವ ನಮೂನೆ 20 ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಸೋತ ಪಕ್ಷದವರು ಸಭೆ ಕರೆಯುವ ಮೊದಲು ಅದನ್ನು ಇಳಿಸಿಕೊಂಡು, ಹಿಂದಿನ ಚುನಾವಣೆಯದರ ಪಕ್ಕದಲ್ಲಿಟ್ಟು ಓದಬೇಕು ಎಂಬುದು ನನ್ನ ಮೊದಲ ಕಿವಿಮಾತು. ನಾನು ಓದಿದ್ದು ಸಭೆಯ ಆಮೇಲೆ. ನಮ್ಮ ಭದ್ರಕೋಟೆ ಎಂದು ವೇದಿಕೆಯಲ್ಲಿ ಹೇಳಿಕೊಳ್ಳುತ್ತಿದ್ದ ಮೂರು ಬಡಾವಣೆಗಳಲ್ಲಿಯೇ ನಮ್ಮ ಮತ ಹೆಚ್ಚು ಕರಗಿತ್ತು, ಮತ್ತು ಆ ಮೂರರಲ್ಲೂ 17ಸಿ ಹಾಳೆಗಳು ಬಂದಿರಲಿಲ್ಲ.

ಅದೇ ತಿಂಗಳು ಕಚೇರಿ ಹೋಯಿತು. ಬಾಡಿಗೆ ತಿಂಗಳಿಗೆ 22,000. ಅಧಿಕಾರವಿದ್ದಾಗ ಒಬ್ಬ ಗುತ್ತಿಗೆದಾರರು ಕಟ್ಟುತ್ತಿದ್ದರು, ಅದಕ್ಕೆ ನಾವು ಯಾರೂ ರಸೀದಿ ಕೇಳಿರಲಿಲ್ಲ. ಫಲಿತಾಂಶದ ನಂತರ ಅವರ ಫೋನ್ ಸದಾ ಬ್ಯುಸಿ. ಮೂರು ತಿಂಗಳ ಬಾಕಿಯನ್ನು ಮುಂಗಡದಲ್ಲಿ ಮುರಿದುಕೊಂಡ ಮಾಲೀಕರು ಬೀರು, ಎರಡು ಮೇಜು ಮತ್ತು ನಾಯಕರ ಫೋಟೋಗಳನ್ನು ಒಯ್ಯಲು ಒಂದು ಭಾನುವಾರ ಕೊಟ್ಟರು. ಎಲ್ಲವೂ ನನ್ನ ಮುದ್ರಣಾಲಯದ ಅಟ್ಟಕ್ಕೆ ಬಂದವು. ಫೋಟೋಗಳನ್ನು ಕಾಗದದ ರಿಮ್ಮುಗಳ ಮೇಲೆ ಒರಗಿಸಿಟ್ಟಿದ್ದನ್ನು ಕಂಡು ಒಬ್ಬ ಹಳೆಯ ಕಾರ್ಯಕರ್ತರು ಚಪ್ಪಲಿ ಬಿಟ್ಟು ಒಳಗೆ ಬಂದರು. ನನಗೆ ನಗುವೂ ಬಂತು, ಗಂಟಲೂ ಕಟ್ಟಿತು.

ಆಮೇಲೆ ಶುರುವಾದದ್ದು ಕಾಯುವ ಕೆಲಸ. ಹಳೆಯ ಸಮಿತಿಯನ್ನು ರಾಜ್ಯ ಕಚೇರಿ ವಿಸರ್ಜಿಸಿತು; ಹೊಸದನ್ನು ರಚಿಸಬೇಕಾದ ರಾಜ್ಯಾಧ್ಯಕ್ಷರು ಸ್ವತಃ ಬದಲಾಗುವವರಿದ್ದರು; ಬದಲಾಗುವವರು ಸಹಿ ಹಾಕುವುದಿಲ್ಲ, ಬರಲಿರುವವರು ಇನ್ನೂ ಬಂದಿಲ್ಲ. ಏಳು ತಿಂಗಳು ನಮ್ಮ ಕ್ಷೇತ್ರದಲ್ಲಿ ಪಕ್ಷವೆಂಬುದು ಕಾನೂನಿನ ದೃಷ್ಟಿಯಲ್ಲಿ ಯಾರ ಬಳಿಯೂ ಇರಲಿಲ್ಲ. ನಾನು ರಾಜ್ಯ ಕಚೇರಿಯ ಮೊದಲ ಮಹಡಿಯ ಬೆಂಚಿನ ಮೇಲೆ ಹದಿನಾಲ್ಕು ದಿನ ಕುಳಿತಿದ್ದೇನೆ, ಒಮ್ಮೆ ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ. ಅಲ್ಲಿ ಕುಳಿತವರೆಲ್ಲ ನನ್ನಂತೆಯೇ ಒಂದು ರೆಕ್ಸಿನ್ ಚೀಲ, ಅದರೊಳಗೆ ಒಂದು ಮನವಿ ಪತ್ರ, ಹಳೆಯ ಫೋಟೋಗಳ ಆಲ್ಬಂ ಹಿಡಿದಿರುತ್ತಿದ್ದರು. ಅಧಿಕಾರವಿದ್ದಾಗ ನಮ್ಮ ಕಚೇರಿಯ ಬೆಂಚಿನ ಮೇಲೆ ಜನ ಹೀಗೆಯೇ ಕುಳಿತಿರುತ್ತಿದ್ದರೆಂಬುದು ನನಗೆ ಆಗ ನೆನಪಾಯಿತು. ಕೊನೆಗೆ ಬಂದ ಆದೇಶದಲ್ಲಿ ಕ್ಷೇತ್ರಾಧ್ಯಕ್ಷರಾಗಿ ನೇಮಕವಾದವರು ಒಂಬತ್ತು ತಿಂಗಳ ಹಿಂದೆ ಪಕ್ಷಕ್ಕೆ ಬಂದವರು. ನಮ್ಮನ್ನು ಯಾರೂ ಕೇಳಿರಲಿಲ್ಲ. ಮೂವರು ಹಿರಿಯರು ಅಂದೇ ರಾಜೀನಾಮೆ ಬರೆದರು. ನಾನೂ ಬರೆದೆ, ಮುದ್ರಿಸಿದೆ ಕೂಡ. ಆ ಹಾಳೆಯ ಹಿಂಬದಿಯಲ್ಲೇ ನಂತರ ಬೂತ್ ಲೆಕ್ಕ ಹಾಕಿದೆ. ನೇಮಕದ ವಿರುದ್ಧ ಹೋರಾಡುವುದರಲ್ಲಿ ಇನ್ನೊಂದು ವರ್ಷ ಹೋಗುತ್ತದೆ ಎನ್ನಿಸಿತು. ಹೊಸ ಅಧ್ಯಕ್ಷರಿಗೆ ವೇದಿಕೆ ಇಷ್ಟ, ಪಟ್ಟಿ ಕಷ್ಟ. ಪಟ್ಟಿಯ ಕೆಲಸ ನನಗೆ ಬಿಡಿ, ವೇದಿಕೆ ನಿಮ್ಮದೇ ಇರಲಿ ಎಂದು ನಾನೇ ಹೋಗಿ ಮಾತಾಡಿದೆ. ಇಬ್ಬರಿಗೂ ಅನುಕೂಲವಾಯಿತು.

ಪಟ್ಟಿಯ ಕೆಲಸವೆಂದರೆ ಮೊದಲಿಗೆ ಫೋನ್. 2,380 ಹೆಸರುಗಳ ಪುಸ್ತಕವನ್ನು ಆರು ಜನ ಹಂಚಿಕೊಂಡು ಸಂಜೆ ಏಳರಿಂದ ಒಂಬತ್ತರವರೆಗೆ ಹತ್ತೊಂಬತ್ತು ದಿನ ಕರೆ ಮಾಡಿದೆವು. ಒಂದೇ ಮೊಬೈಲ್ ಸಂಖ್ಯೆಯನ್ನು 43 ಹೆಸರುಗಳ ಮುಂದೆ ಬರೆಯಲಾಗಿತ್ತು; ಅದು ಒಬ್ಬ ಫ್ಲೆಕ್ಸ್ ಅಂಗಡಿಯವರದು. ಸತ್ತವರಿದ್ದರು, ಊರಿಗೆ ಮರಳಿದವರಿದ್ದರು, ತಮ್ಮ ಹೆಸರು ಸಮಿತಿಯಲ್ಲಿದೆ ಎಂಬುದನ್ನು ಅಂದೇ ಮೊದಲು ಕೇಳಿದವರೂ ಇದ್ದರು. ಒಬ್ಬರ ಮಗಳು ಫೋನ್ ಎತ್ತಿ, "ಅಪ್ಪ ಹೋಗಿ ಮೂರು ವರ್ಷ ಆಯ್ತು ಸಾರ್, ನಿಮ್ಮವರೇ ಹಾರ ಹಾಕಿದ್ರಲ್ಲ" ಎಂದಳು. ಆ ಮೇಲೆ ನಾನು ಆ ದಿನ ಇನ್ನೊಂದು ಕರೆ ಮಾಡಲಿಲ್ಲ. ಕೊನೆಯಲ್ಲಿ, ಹೌದು ನಾನು ಪಕ್ಷದವನೇ ಎಂದವರು 312 ಜನ ಉಳಿದರು. ಈ ಸಂಖ್ಯೆಯನ್ನು ರಾಜ್ಯ ಕಚೇರಿಗೆ ಬರೆದು ಕಳಿಸಿದಾಗ ಅಲ್ಲಿಂದ ಬಂದ ಉತ್ತರ, 'ಸಮಿತಿಗಳು ಅಸ್ತಿತ್ವದಲ್ಲಿಲ್ಲವೆಂದು ಲಿಖಿತವಾಗಿ ಕಳಿಸಬೇಡಿ' ಎಂದಾಗಿತ್ತು.

ಫೋನಿನಲ್ಲಿ ಸಿಗದವರ ಮನೆಗಳಿಗೆ ಹೋಗಲು ಶುರು ಮಾಡಿದೆವು. ಪಕ್ಷ ಯಾಕೆ ಸೊರಗಿತ್ತು ಎಂಬುದು ಅಲ್ಲಿ, ಬಾಗಿಲುಗಳಲ್ಲಿ ಗೊತ್ತಾಯಿತು. ಒಂದು ತಿರುವಿನಲ್ಲಿ ಇಸ್ತ್ರಿ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಅಕ್ಕ ಒಬ್ಬರೇ ನಡೆಸುತ್ತಾರೆ. ಅವರ ಗಂಡ ನಮ್ಮ ಬೂತ್ ಸಮಿತಿಯಲ್ಲಿದ್ದವರು. ನಾನು ನಮಸ್ಕಾರ ಹೇಳಿ ನಿಂತೆ. ಅವರು ಪೆಟ್ಟಿಗೆಯ ಇದ್ದಿಲನ್ನು ಕೆದಕುತ್ತಾ, ತಲೆ ಎತ್ತದೆ ಹೇಳಿದರು:

"ವಿಧವಾ ವೇತನಕ್ಕೆ ಒಂದ್ ಅರ್ಜಿ ಬರ್ಸೋಕೆ ನಿಮ್ಮ ಆಫೀಸಿಗೆ ಐದ್ ಸಲ ಬಂದೆ ಅಣ್ಣ. ಐದನೇ ಸಲ ನೀವೂ ಇದ್ರಿ. ಟೀ ಕುಡೀತಾ ಇದ್ರಿ."

ನನಗೆ ನೆನಪಿರಲಿಲ್ಲ. ನೆನಪಿಲ್ಲವೆಂದು ಹೇಳುವುದೂ ತಪ್ಪಾಗುತ್ತಿತ್ತು, ಇದೆ ಎನ್ನುವುದೂ ಸುಳ್ಳಾಗುತ್ತಿತ್ತು. ಆ ದಿನಗಳಲ್ಲಿ ಕಚೇರಿಗೆ ಬರುತ್ತಿದ್ದವರಲ್ಲಿ ವರ್ಗಾವಣೆ ಕೇಳುವವರು, ನಿಗಮ-ಮಂಡಳಿ ಕೇಳುವವರು, ಕಾಮಗಾರಿ ಕೇಳುವವರು ಇರುತ್ತಿದ್ದರು. ಅವರನ್ನು ಒಳಗೆ ಕರೆಯುತ್ತಿದ್ದೆವು, ಅರ್ಜಿ ಬರೆಸುವವರನ್ನು ಹೊರಗೆ ಕೂರಿಸುತ್ತಿದ್ದೆವು. ಮರುದಿನ ನಾನು ಆಧಾರ್ ಪ್ರತಿ, ಗಂಡನ ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಅಕ್ಕನನ್ನು ನಾಡಕಚೇರಿಗೆ ಕರೆದುಕೊಂಡು ಹೋದೆ. ಆದಾಯ ಪ್ರಮಾಣಪತ್ರಕ್ಕೇ ಮೂರು ಓಡಾಟವಾಯಿತು. ವೇತನ ಮಂಜೂರಾದದ್ದು ನಾಲ್ಕು ತಿಂಗಳಿಗೆ. ಮತ ಕೊಡಿ ಎಂದು ನಾನು ಕೇಳಲಿಲ್ಲ, ಕೊಡುತ್ತೇನೆ ಎಂದು ಅವರೂ ಹೇಳಲಿಲ್ಲ. ಆದರೆ ಆ ಬೀದಿಯಲ್ಲಿ ನನ್ನನ್ನು ಕೂರಿಸಿ ಮಾತಾಡುವವರು ಹೆಚ್ಚಾದರು. ಅಲ್ಲಿಂದ ಮುಂದೆ ಅಟ್ಟದ ಕಚೇರಿಯಲ್ಲಿ ವಾರಕ್ಕೆರಡು ಸಂಜೆ ಅರ್ಜಿ ಬರೆದುಕೊಡುವುದನ್ನು ನಿಯಮ ಮಾಡಿಕೊಂಡೆವು.

ವಾರ್ಡ್ ಸಮಿತಿಗಳ ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ ಪಾಲಿಕೆ ಚುನಾವಣೆ ನಡೆದ ಮೇಲೆ ಹತ್ತು ವರ್ಷ ಇನ್ನೊಂದು ನಡೆಯಲಿಲ್ಲ. 198 ವಾರ್ಡ್‌ಗಳ ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ನಗರ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಒಬ್ಬ ಸಾಮಾನ್ಯ ಕಾರ್ಯಕರ್ತ ಏರಬಹುದಾದ ಮೊದಲ ಮೆಟ್ಟಿಲು ಪಾಲಿಕೆ ಸದಸ್ಯತ್ವ. ಅದೇ ಇಲ್ಲವೆಂದರೆ ಇಪ್ಪತ್ತೈದು ವರ್ಷದ ಹುಡುಗ ಯಾವ ಆಸೆಗೆ ಗೋಡೆಗೆ ಪೋಸ್ಟರ್ ಅಂಟಿಸುತ್ತಾನೆ? ಇದರ ಮೇಲೆ ವಾರ್ಡುಗಳ ಗಡಿಯೂ ಬದಲಾಗುತ್ತಾ ಹೋಯಿತು. 198 ಹೋಗಿ 243 ಆಯಿತು, ಅದು 225 ಆಯಿತು, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾಗಿ ಮತ್ತೆ ಹೊಸ ಗಡಿ ಎಳೆದರು. ಪ್ರತಿ ಸಲವೂ ನಮ್ಮ ವಾರ್ಡ್ ಅಧ್ಯಕ್ಷರಲ್ಲಿ ಕೆಲವರು ಪಕ್ಕದ ವಾರ್ಡಿಗೆ ಬಿದ್ದರು, ಇಬ್ಬರು ಅಧ್ಯಕ್ಷರು ಒಂದೇ ವಾರ್ಡಿನಲ್ಲಿ ಉಳಿದರು, ಲೆಟರ್‌ಹೆಡ್ಡುಗಳು ರದ್ದಿಗೆ ಹೋದವು (ಮುದ್ರಣದವನಾಗಿ ನನಗೆ ಇದರಿಂದ ಲಾಭವಾಗಬೇಕಿತ್ತು, ಆದರೆ ಯಾರೂ ದುಡ್ಡು ಕೊಡಲಿಲ್ಲ). ಬೂತ್ ಕೂಡ ಸ್ಥಿರವಲ್ಲ. ಒಂದು ಬೂತಿಗೆ ಗರಿಷ್ಠ 1,500 ಮತದಾರರು ಎಂದಿದ್ದುದನ್ನು ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದ್ದರಿಂದ ಸಂಖ್ಯೆಗಳು ಬದಲಾಗುತ್ತವೆ. ಆದ್ದರಿಂದ ಪುಸ್ತಕವನ್ನು ಬೂತ್ ಸಂಖ್ಯೆಯ ಮೇಲೆ ಬರೆಯಬೇಡಿ, ಬೀದಿಯ ಹೆಸರಿನ ಮೇಲೆ ಬರೆಯಿರಿ. ಸಂಖ್ಯೆ ಬದಲಾದರೂ ಅಡ್ಡರಸ್ತೆ ಅಲ್ಲೇ ಇರುತ್ತದೆ.

ಹಣದ ವಿಷಯದಲ್ಲಿ ನಾವು ಎರಡು ಪೆಟ್ಟು ತಿಂದೆವು. ಒಂದು, ಪಕ್ಷಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗಬೇಕಾದರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ. ನಮ್ಮ ಭಾಗದ ಒಬ್ಬ ಸಣ್ಣ ಕೈಗಾರಿಕೆಯ ಮಾಲೀಕರು ಹದಿನೈದು ಸಾವಿರವನ್ನು ಲಕೋಟೆಯಲ್ಲಿ ಕೊಟ್ಟರು, ರಸೀದಿ ಬೇಡ ಎಂದರು. ಹಿಂದಿನ ಕಾಲವಾಗಿದ್ದರೆ ಅದು ಅಂದೇ ಸಂಜೆ ಶಾಮಿಯಾನಕ್ಕೆ ಹೋಗುತ್ತಿತ್ತು. ಗುತ್ತಿಗೆದಾರರ ಬಾಡಿಗೆಯ ಪಾಠ ನೆನಪಿದ್ದುದರಿಂದ ನಾನು ಹಿಂದಿರುಗಿಸಿ, ಚೆಕ್ ಕೊಡಿ ಎಂದೆ. ಅವರು ಎರಡು ತಿಂಗಳು ಮಾತು ಬಿಟ್ಟಿದ್ದರು; ಆಮೇಲೆ ತಮ್ಮ ಲೆಕ್ಕಪರಿಶೋಧಕರು ಹೇಳಿದರೆಂದು ಚೆಕ್ಕನ್ನೇ ಕಳಿಸಿದರು, ಏಕೆಂದರೆ ನಗದಲ್ಲದ ದೇಣಿಗೆಗೆ ಮಾತ್ರ ದೇಣಿಗೆದಾರರಿಗೂ ತೆರಿಗೆ ಕಡಿತ ಸಿಗುತ್ತದೆ. 20,000 ದಾಟಿದ ದೇಣಿಗೆಗಳ ವಿವರವನ್ನು ಪಕ್ಷವು ನಮೂನೆ 24ಎಯಲ್ಲಿ ಆಯೋಗಕ್ಕೆ ಕೊಡಬೇಕಾದ್ದರಿಂದ ಹೆಸರು, ವಿಳಾಸ, ಪ್ಯಾನ್ ಅನ್ನು ಆಗಲೇ ಬರೆದುಕೊಳ್ಳುವುದು ಒಳ್ಳೆಯದು. ಎರಡನೆಯ ಪೆಟ್ಟು ಯುಪಿಐ. ಒಬ್ಬ ಉತ್ಸಾಹಿ ವಾರ್ಡ್ ಅಧ್ಯಕ್ಷರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಸಂಕೇತವನ್ನೇ ಕರಪತ್ರದಲ್ಲಿ ಹಾಕಿಸಿಬಿಟ್ಟರು. ಬಂದದ್ದು ಹನ್ನೊಂದು ಸಾವಿರ, ಅದರ ಮೇಲೆ ನಡೆದ ಜಗಳ ಹನ್ನೊಂದು ವಾರ. ಆ ಕರಪತ್ರವನ್ನು ಮುದ್ರಿಸಿದವನು ನಾನೇ. ಕರಡು ತಿದ್ದುವಾಗ ಕಾಗುಣಿತ ನೋಡಿದೆ, ಸಂಕೇತ ನೋಡಲಿಲ್ಲ.

ಪ್ರತಿಭಟನೆಯ ವಿಷಯ ಬೇಗ ಮುಗಿಸುತ್ತೇನೆ. ನಗರದಲ್ಲಿ 2021ರ ಆದೇಶದ ಪ್ರಕಾರ ಧರಣಿ-ಮೆರವಣಿಗೆಗಳಿಗೆ ಪೊಲೀಸ್ ಪರವಾನಗಿ ಬೇಕು, ಜಾಗ ಫ್ರೀಡಂ ಪಾರ್ಕ್. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಹಾಕಿದ್ದ ಹಳೆಯ ಸೆಂಟ್ರಲ್ ಜೈಲಿನ ಆವರಣ ಅದು. ನಮ್ಮ ಅಧ್ಯಕ್ಷರು 180 ಕುರ್ಚಿ ಹಾಕಿಸಿದರು, 43 ಜನ ಬಂದರು, ಖಾಲಿ ಕುರ್ಚಿಗಳ ಫೋಟೋ ಎದುರಾಳಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ನಮಗಿಂತ ಮೊದಲು ಮನೆ ತಲುಪಿತು. ಖರ್ಚು 31,000. ಬೀದಿಗಳಲ್ಲಿ ಜನರನ್ನು ಕೂಡಿಸದೆ ಕುರ್ಚಿ ಕೂಡಿಸಬಾರದು ಎಂದು ನಾನು ಮೊದಲೇ ಹೇಳಿದ್ದೆ, ಆದರೆ ವೇದಿಕೆ ಅವರದೆಂದು ನಾನೇ ಒಪ್ಪಿಕೊಂಡಿದ್ದೆನಲ್ಲ.

ನಿಜವಾದ ದುಡಿಮೆ ಮತದಾರರ ಪಟ್ಟಿಯದು. ಕರಡು ಪಟ್ಟಿಯನ್ನು ಬೂತುವಾರು ಮುದ್ರಿಸಿಕೊಂಡರೆ ಒಂದೊಂದಕ್ಕೆ ಮೂವತ್ತು-ನಲವತ್ತು ಪುಟ. ನನ್ನ ಯಂತ್ರದಲ್ಲಿ ರಾತ್ರಿಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಾಳೆ ಹೊಡೆದೆವು. ನಮ್ಮ ಭಾಗದಲ್ಲಿ ಶೆಡ್ಡುಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುತ್ತಲೇ ಇರುತ್ತಾರೆ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8, ಹೆಸರು ತೆಗೆಸಲು ನಮೂನೆ 7. ಅನಿರೀಕ್ಷಿತ ತೊಡಕು ಬಂದದ್ದು ವಿಳಾಸದ ದಾಖಲೆಯಲ್ಲಿ: ಬಾಡಿಗೆ ಕರಾರು ನೋಂದಣಿಯಾಗಿರಬೇಕು, ನಮ್ಮ ಬಾಡಿಗೆದಾರರ ಬಳಿ ಇರುವುದು ಹನ್ನೊಂದು ತಿಂಗಳ ಛಾಪಾ ಕಾಗದ. ವಿದ್ಯುತ್ ಬಿಲ್ಲು ಮಾಲೀಕರ ಹೆಸರಿನಲ್ಲಿರುತ್ತದೆ. ಕೊನೆಗೆ ಉಪಯೋಗಕ್ಕೆ ಬಂದದ್ದು ಅಡುಗೆ ಅನಿಲದ ಬಿಲ್ಲು ಮತ್ತು ವಿಳಾಸ ಬದಲಿಸಿದ ಪಾಸ್‌ಬುಕ್. ಹದಿನೇಳು ತುಂಬಿದವರಿಂದ ಮುಂಗಡವಾಗಿಯೇ ಅರ್ಜಿ ಪಡೆಯಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳಲ್ಲಿ ಯಾವಾಗ ಹದಿನೆಂಟು ತುಂಬುತ್ತದೋ ಆಗ ಹೆಸರು ಸೇರುತ್ತದೆ. ಪಿಯುಸಿ ಮಕ್ಕಳ ಮನೆಗಳಲ್ಲಿ ಈ ಮಾತಿಗೆ ಸಿಕ್ಕ ಸ್ವಾಗತ ಬೇರೆ ಯಾವ ಮಾತಿಗೂ ಸಿಗಲಿಲ್ಲ.

ನಮೂನೆ 7ರ ಬಗ್ಗೆ ನಮ್ಮೊಳಗೇ ಒಂದು ಕಹಿ ಮಾತಾಯಿತು. ಎದುರಾಳಿಗಳ ಬೀದಿಗಳಲ್ಲಿ ಮನೆ ಬಿಟ್ಟು ಹೋದರೆಂದು ಸಾಲಾಗಿ ಆಕ್ಷೇಪಣೆ ಹಾಕೋಣ ಎಂದು ಇಬ್ಬರು ಪಟ್ಟಿಯನ್ನೇ ತಂದಿದ್ದರು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲಾಗಬಹುದು ಎಂದು ತೋರಿಸಿದೆ. ಅವರು ಹೆದರಲಿಲ್ಲ. ಪಟ್ಟಿಯನ್ನು ಮಡಚಿ ನನ್ನ ಮೇಜಿನ ಡ್ರಾಯರ್‌ಗೆ ಹಾಕಿ ಬೀಗ ಹಾಕಿದೆ; ಅವರಿಬ್ಬರೂ ಆಮೇಲೆ ಅಟ್ಟ ಹತ್ತಲಿಲ್ಲ. ಎರಡು ಒಳ್ಳೆಯ ಕಾಲುಗಳನ್ನು ಕಳೆದುಕೊಂಡೆವು ಎಂಬ ಬೇಸರ ಇವತ್ತಿಗೂ ಇದೆ, ಬೀಗ ಹಾಕಿದ್ದಕ್ಕೆ ಇಲ್ಲ.

ಇಷ್ಟೆಲ್ಲದರ ಕೊನೆಯ ಮೆಟ್ಟಿಲು ಬೂತ್ ಮಟ್ಟದ ಏಜೆಂಟರ ನೇಮಕ; ಅದು ಮಾನ್ಯತೆ ಪಡೆದ ಪಕ್ಷಗಳಿಗೆ ಇರುವ ಸೌಲಭ್ಯ. ಬಿಎಲ್‌ಎ-1 ಎಂಬ ನಮೂನೆಯಲ್ಲಿ ರಾಜ್ಯ ಘಟಕವು ಕ್ಷೇತ್ರದ ಒಬ್ಬ ಪ್ರತಿನಿಧಿಗೆ ಅಧಿಕಾರ ಕೊಡುತ್ತದೆ. ಆ ಪ್ರತಿನಿಧಿ ಬಿಎಲ್‌ಎ-2ರಲ್ಲಿ ಬೂತಿಗೊಬ್ಬ ಏಜೆಂಟರನ್ನು ನೇಮಿಸಿ ಮತದಾರರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ರಾಜ್ಯ ಕಚೇರಿಯಿಂದ ಬಿಎಲ್‌ಎ-1 ಬರಲು ಐದು ವಾರ ಹಿಡಿಯಿತು, ಬಂದದ್ದರಲ್ಲಿ ಇದ್ದದ್ದು ರಬ್ಬರ್ ಮುದ್ರೆಯ ಸಹಿ. ಶಾಯಿಯಲ್ಲಿ ಹಾಕಿದ ಸಹಿಯೇ ಬೇಕೆಂದು ಅದನ್ನು ಹಿಂದಿರುಗಿಸಿದರು. ಮತ್ತೆ ಅದೇ ಬೆಂಚು, ಮತ್ತೆ ನಾಲ್ಕು ವಾರ. ಏಜೆಂಟರು ಸರ್ಕಾರಿ ನೌಕರರಾಗಿರಬಾರದು, ಮತ್ತು ಅದೇ ಭಾಗದ ಪಟ್ಟಿಯಲ್ಲಿ ಹೆಸರಿರಬೇಕು ಎಂಬ ನಿಯಮ ನಮಗೆ ಅನ್ವಯವಾಗಿದ್ದರಿಂದ ಮುಖಂಡರ ಭಾವಮೈದುನರು, ಮಿತ್ರರು, ಎಲ್ಲರೂ ಉದುರಿಹೋದರು. ಆಯಾ ಬೀದಿಯವರೇ ಉಳಿದರು. ಇದಕ್ಕಾಗಿ ಆ ನಿಯಮಕ್ಕೆ ನಾನು ಋಣಿ. ಏಜೆಂಟರಿಗೆ ಮೊದಲೇ ಹೇಳಬೇಕಾದ ಇನ್ನೊಂದು ಮಾತೆಂದರೆ, ದಿನಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಜಿಗಳನ್ನು ಅವರು ಬಿಎಲ್‌ಒಗೆ (ಆಯೋಗದ ಬೂತ್ ಮಟ್ಟದ ಅಧಿಕಾರಿಗೆ) ಒಟ್ಟಾಗಿ ಕೊಡುವಂತಿಲ್ಲ, ಮತ್ತು ಕೊಟ್ಟವನ್ನು ತಾವೇ ಪರಿಶೀಲಿಸಿದ್ದೇವೆ ಎಂದು ಸಹಿ ಮಾಡಬೇಕು. ಬಿಎಲ್‌ಒಗಳಲ್ಲಿ ಬಹುಮಂದಿ ಅಂಗನವಾಡಿಯವರು, ಶಿಕ್ಷಕರು. ಅವರಿಗೂ ದಿನದ ಕೆಲಸವಿದೆ. ಸಂಜೆ ಐದರ ಮೇಲೆ, ಕಾಗದವನ್ನು ಜೋಡಿಸಿಕೊಂಡು ಹೋದರೆ ಮುಖ ಕೊಟ್ಟು ಮಾತಾಡುತ್ತಾರೆ.

ಕಳೆದ ತಿಂಗಳು 229 ಬಿಎಲ್‌ಎ-2 ನಮೂನೆಗಳನ್ನು ಎರಡು ಹಳದಿ ಚೀಲಗಳಲ್ಲಿ ಒಯ್ದು ನೋಂದಣಾಧಿಕಾರಿಯ ಕಚೇರಿಯಲ್ಲಿ ಕೊಟ್ಟೆ. ಗುಮಾಸ್ತರು ಒಂದೊಂದನ್ನೂ ತೆರೆದು, ಫೋಟೋ ಇಲ್ಲದ ಆರನ್ನು ಪಕ್ಕಕ್ಕೆ ಇಟ್ಟು, ಉಳಿದವಕ್ಕೆ ಸ್ವೀಕೃತಿ ಕೊಡಲು ಮೂರು ಗಂಟೆ ತೆಗೆದುಕೊಂಡರು. ಎರಡೂವರೆ ವರ್ಷದಲ್ಲಿ ಆದ ಖರ್ಚು ಸುಮಾರು 6,80,000. ಅದರಲ್ಲಿ 1,90,000 ನನ್ನದು, ಇದು ನನ್ನ ಹೆಂಡತಿಗೆ ಗೊತ್ತು, ಆಕೆಯೇ ಲೆಕ್ಕ ಬರೆದದ್ದು. ಒಂಬತ್ತು ಬೂತ್‌ಗಳಿಗೆ ಇನ್ನೂ ಜನ ಸಿಕ್ಕಿಲ್ಲ, ಅವುಗಳಲ್ಲಿ ಏಳು ಹೊಸ ಅಪಾರ್ಟ್‌ಮೆಂಟುಗಳವು. ಗೇಟಿನ ಕಾವಲುಗಾರರನ್ನು ದಾಟಿ ಒಳಗೆ ಹೋಗುವ ವಿದ್ಯೆ ನಮಗೆ ಸಿದ್ಧಿಸಿಲ್ಲ.

ಮರಳಿ ಬರುವಾಗ ಇಸ್ತ್ರಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಆ ಬೀದಿಯ ಏಜೆಂಟ್ ಅಕ್ಕನೇ. ಅವರ ಸ್ವೀಕೃತಿಯ ಪ್ರತಿಯನ್ನು ಕೊಟ್ಟೆ. ಚೀಲದಲ್ಲಿ ಮಡಿಕೆ ಬಿದ್ದು ಸುಕ್ಕಾಗಿತ್ತು. ಅಕ್ಕ ಅದನ್ನು ಹಲಗೆಯ ಮೇಲೆ ಬಿಡಿಸಿ, ಫೋಟೋದ ಮೇಲೆ ಕೈಯಾಡಿಸಿ, ಒಂದು ಹಳೆಯ ಪಂಚೆಯ ತುಂಡನ್ನು ಹೊದಿಸಿ, ಪೆಟ್ಟಿಗೆಯನ್ನು ಹಗುರಾಗಿ ಎರಡು ಸಲ ಎಳೆದರು.

"ಎಲೆಕ್ಷನ್ ದಿನ ಸಾಯಂಕಾಲ ಅದೇನೋ ಒಂದ್ ಹಾಳೆ ಕೊಡ್ತಾರಂತಲ್ಲ, ಅದನ್ನ ಕೇಳಿ ಇಸ್ಕೋಬೇಕಾ, ಅವರೇ ಕೊಡ್ತಾರಾ?" ಎಂದು ಕೇಳಿದರು.

"ಕೇಳಿ ಇಸ್ಕೋಬೇಕು ಅಕ್ಕ" ಎಂದೆ.